ತಕ್ಕಡಿ ಕೋಣೆಯ ಬೀಗದಕೈ

ಶನಿವಾರ, ಮಾರ್ಚ್ ಒಂಬತ್ತು
ಕಾಲೇಜಿನ ಪ್ರಯೋಗಾಲಯದ ಉಗ್ರಾಣದಿಂದ, ಊಟದ ಬಿಡುವಿನಲ್ಲಿ

ಮಗಳೇ,

ನೀವೆಲ್ಲ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ಏಕೆಂದರೆ ನನಗೆ ಗೊತ್ತಿದೆ. ನಿಮ್ಮಪ್ಪ ತಿಂಗಳಿಗೊಮ್ಮೆ ದಾರ ತರುತ್ತೇನೆ ಎಂದು ಹೇಳಿ ಬಸ್ಸು ಹತ್ತುತ್ತಾರೆ, ಸಂಜೆ ದಾರ ಮರೆತು ಬರುತ್ತಾರೆ. ಒಂದು ಉಂಡೆ ದಾರಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕೂರುವ ದರ್ಜಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಏನೂ ಕೇಳುವುದಿಲ್ಲ. ಅವರೂ ನನಗೆ ಏನೂ ಹೇಳುವುದಿಲ್ಲ. ಊಟಕ್ಕೆ ಕೂತಾಗ ಎದುರಿನ ಗೋಡೆಗೆ ಹೇಳುತ್ತಾರೆ: "ಮೇಲೆ ಎರಡು ಹಲ್ಲು ಬಂದಿದೆ." ಇನ್ನೊಂದು ಸಲ, "ಕುರ್ಚಿ ಹಿಡ್ಕೊಂಡು ನಿಲ್ತಾಳೆ." ಗೋಡೆಯ ಪರವಾಗಿ ನಾನು ಹೂಂ ಎನ್ನುತ್ತೇನೆ.

ಬರೆಯುವುದು ಆರು ತಿಂಗಳು ತಡವಾಯಿತು. ಕೆಲಸವಿತ್ತು ಎಂದು ಹೇಳಬಹುದು, ಆದರೆ ಕೆಲಸ ಯಾವತ್ತು ಇರಲಿಲ್ಲ? ಇದು ನಾಲ್ಕನೆಯ ಪತ್ರ, ಮೊದಲಿನ ಮೂರನ್ನು ಕಳಿಸಲಿಲ್ಲ. ಮೊದಲನೆಯದರಲ್ಲಿ ನಿನ್ನನ್ನು ಬೈದಿದ್ದೆ. ಎರಡನೆಯದರಲ್ಲಿ ನಿಯಮ ವಿವರಿಸಿದ್ದೆ. ಮೂರನೆಯದರಲ್ಲಿ ದಿನಾಂಕ ಬಿಟ್ಟು ಮುಂದಕ್ಕೆ ಕೈ ಓಡಲಿಲ್ಲ. ಇದನ್ನು ಕೊನೆಯವರೆಗೂ ಓದು. ಕೋಪ ಬಂದರೆ ಅರ್ಧಕ್ಕೆ ಮಡಚಿಡುವುದು ನಿನ್ನ ಅಭ್ಯಾಸ. ಅದು ನಿನಗೆ ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಗೊತ್ತು.

ಮೊದಲು ಇಲ್ಲಿನ ಸುದ್ದಿ. ಈ ವರ್ಷ ಒಂಬತ್ತನೇ ಮೇಜಿಗೆ ಒಬ್ಬ ಹೊಸ ಹುಡುಗಿ ಬಂದಿದ್ದಾಳೆ. ನನಗೆ ಯಾರ ಹೆಸರೂ ಬೇಕಿಲ್ಲ, ಎಲ್ಲರೂ ಮೇಜಿನ ಸಂಖ್ಯೆಯೇ. ನೀನೇ ಇಲ್ಲಿ ನಾಲ್ಕು ವರ್ಷ ಹದಿನೇಳಾಗಿದ್ದವಳು. ಕಾಲೇಜಿನಲ್ಲಿ ನನ್ನನ್ನು ಮೇಡಂ ಎಂದೇ ಕರೆಯಬೇಕು ಎಂದು ನಾನು ಕಟ್ಟುನಿಟ್ಟು ಮಾಡಿದಾಗ ನೀನು ಮನೆಯಲ್ಲಿ ತಟ್ಟೆ ಮುಂದೆ ಚಾಚಿ, "ಹದಿನೇಳಕ್ಕೆ ಇನ್ನೊಂದು ಸೌಟು ಹಾಕಿ ಮೇಡಂ" ಅಂದಿದ್ದೆ. ನಿಮ್ಮಪ್ಪ ನಕ್ಕು ಅನ್ನ ನೆತ್ತಿಗೇರಿಸಿಕೊಂಡಿದ್ದರು. ನಾನು ಮಾತ್ರ ನಗಲಿಲ್ಲ. ಆಮೇಲೆ ಪಾತ್ರೆ ತೊಳೆಯುವಾಗ ನಕ್ಕೆ, ಅದು ನಿನಗೆ ಗೊತ್ತಿಲ್ಲ.

ಈ ಒಂಬತ್ತನೇ ಮೇಜು ಕೆಲಸದಲ್ಲಿ ಚುರುಕು. ಆದರೆ ಬಿಳಿ ಕೋಟನ್ನು ಬಿಚ್ಚುತ್ತಲೇ ಇರಲಿಲ್ಲ. ಪ್ರಯೋಗಾಲಯದ ಕೋಟು ಪ್ರಯೋಗಾಲಯದಲ್ಲೇ ಇರಬೇಕು ಎಂಬ ನನ್ನ ನಿಯಮ ನಿನಗೆ ಗೊತ್ತಲ್ಲ. ಇವಳು ಗ್ರಂಥಾಲಯಕ್ಕೂ ಅದರಲ್ಲೇ, ಬಸ್ ನಿಲ್ದಾಣಕ್ಕೂ ಅದರಲ್ಲೇ. ಎರಡು ಸಲ ಗದರಿದೆ. ಎರಡು ಸಲವೂ ತಲೆ ತಗ್ಗಿಸಿ, ಚಳಿಯಾಗುತ್ತಿದೆ ಎಂದಳು. ಮೂಗಿನ ತುದಿಯಲ್ಲಿ ಬೆವರು ತೊಟ್ಟಿಕ್ಕುತ್ತಿತ್ತು. ಸಾಲದ್ದಕ್ಕೆ ದಿನಾ ಹನ್ನೊಂದೂವರೆಗೆ ಮಾಯವಾಗುತ್ತಿದ್ದಳು. ಒಂದು ದಿನ ಆಮ್ಲ ಅಳೆಯುವ ಬ್ಯುರೆಟ್ಟಿನ ತಿರುಪು ಸರಿಯಾಗಿ ಮುಚ್ಚದೆ ಹೋಗಿದ್ದಳು, ಆಮ್ಲ ಹನಿ ಹನಿಯಾಗಿ ಮೇಜಿನ ಮೇಲೆ ಇಳಿಯುತ್ತಿತ್ತು. ಇವತ್ತು ಸಿಕ್ಕಿಬಿದ್ದಳು ಎಂದುಕೊಂಡು ಹುಡುಕಿಕೊಂಡು ಹೊರಟೆ.

ಅವಳು ಸಿಕ್ಕಿದ್ದು ಕಟ್ಟಡದ ಹಿಂದೆ, ಅನಿಲದ ಸಿಲಿಂಡರುಗಳನ್ನು ಇಡುವ ಷೆಡ್ಡಿನಲ್ಲಿ. ಹೊರಗೆ ಕೆಂಪು ಅಕ್ಷರದಲ್ಲಿ ಪ್ರವೇಶವಿಲ್ಲ ಎಂದು ಬರೆಸಿದವಳು ನಾನೇ. ಒಳಗೆ ಬಕೆಟ್ಟು ಬೋರಲು ಹಾಕಿ, ಗೋಡೆಗೆ ಮುಖ ಮಾಡಿ, ಕೋಟನ್ನು ಹಿಂದುಮುಂದಾಗಿ ಹೊದ್ದು ಕುಳಿತಿದ್ದಳು. ಕೋಟಿನ ಒಳಗಿಂದ ಕುಯ್ ಕುಯ್ ಎಂದು ಸದ್ದು ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಇಲಿ ಅಂದುಕೊಳ್ಳುತ್ತಿದ್ದರು. ನಾನು ಆ ಸದ್ದನ್ನು ನಮ್ಮ ಮನೆಯ ನಡುಕೋಣೆಯಲ್ಲಿ ಒಂಬತ್ತು ವಾರ ಕೇಳಿದ್ದೇನೆ. ಹಾಲು ತೆಗೆಯುವ ಕೈಪಂಪಿನ ಸದ್ದು.

ಅವಳು ತಿರುಗಿ ನೋಡಲಿಲ್ಲ. ಬೀಗದಕೈ ಗೊಂಚಲಿನ ಸದ್ದಿನಿಂದಲೇ ನಾನೆಂದು ತಿಳಿದಿರಬೇಕು. ಗೋಡೆಗೇ ಹೇಳಿದಳು: "ಇನ್ನೆರಡು ನಿಮಿಷ ಮೇಡಂ. ದಯವಿಟ್ಟು ಬರ್ಕೋಬೇಡಿ."

ನೋಡಿದೆಯಾ, ಇಪ್ಪತ್ತೊಂಬತ್ತು ವರ್ಷದ ದುಡಿಮೆಗೆ ನನಗೆ ಸಿಕ್ಕ ಹೆಸರು. ಎದೆಗೆ ಹಾಲು ಕಟ್ಟಿಕೊಂಡ ಹೆಣ್ಣಿಗೆ ಸಿಲಿಂಡರು ಸಿಡಿಯುವ ಭಯವಿಲ್ಲ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಎಂಬ ಭಯ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಷ್ಟರಲ್ಲಿ ಸಿಲಿಂಡರಿನವನು ಗಾಡಿ ತಳ್ಳಿಕೊಂಡು ಬಂದ. ಇವತ್ತು ಷೆಡ್ಡು ಮುಚ್ಚಿದೆ, ನಾಳೆ ಬಾ ಎಂದೆ.

"ಬಾಗಿಲು ತೆರೆದೇ ಇದೆಯಲ್ಲಮ್ಮ?"

"ತೆರೆದಿದ್ರೂ ಮುಚ್ಚಿದೆ."

ಅವನು ನನ್ನ ಮುಖ ನೋಡಿ, ತಲೆ ಕೆರೆದುಕೊಂಡು ಗಾಡಿ ತಿರುಗಿಸಿದ. ಎರಡು ನಿಮಿಷ ಅಂದದ್ದು ಹದಿನೈದಾಯಿತು. ನಾನು ಅಲ್ಲಾಡಲಿಲ್ಲ. ಆ ಹದಿನೈದು ನಿಮಿಷವೂ ನನ್ನ ಬೆನ್ನ ಹಿಂದೆ ಕುಳಿತವಳು ಒಂಬತ್ತನೇ ಮೇಜಿನವಳು ಎಂದು ನನಗೆ ಅನ್ನಿಸಲಿಲ್ಲ.

ಅವತ್ತು ಕೆಲಸ ಮುಗಿದ ಮೇಲೆ ನಾನು ಕಾಲೇಜೆಲ್ಲ ಒಂದು ಸುತ್ತು ಹಾಕಿದೆ. ನನ್ನ ಸೊಂಟದಲ್ಲಿ ಮೂವತ್ತೊಂದು ಬೀಗದಕೈಗಳಿವೆ. ಹುಡುಗರು ಬೆನ್ನ ಹಿಂದೆ ನನ್ನನ್ನು ಬೀಗದಮ್ಮ ಎನ್ನುವುದು ನನಗೆ ತಿಳಿಯದ ವಿಷಯವಲ್ಲ, ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಒಂದು ಹೆಣ್ಣು ಇಪ್ಪತ್ತು ನಿಮಿಷ ಅಗುಳಿ ಹಾಕಿಕೊಂಡು ಕೂರಲು ಎಲ್ಲಿ ಜಾಗವಿದೆ ಎಂದು ನೋಡುತ್ತಾ ಹೋದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಅಗುಳಿ ಇದೆ, ಆದರೆ ಕೂರುವ ಜಾಗ ಒಂದೇ, ಅದರ ಮೇಲೆ ಕೂತು ಮಗುವಿನ ಊಟ ತಯಾರಿಸುವಂತಿಲ್ಲ. ಗ್ರಂಥಾಲಯದ ಹಿಂದಿನ ಸಾಲು ಗ್ರಂಥಪಾಲಕರ ಕುರ್ಚಿಗೆ ನೇರವಾಗಿದೆ, ಆ ಮನುಷ್ಯ ಪುಸ್ತಕ ಬಿಟ್ಟು ಉಳಿದದ್ದನ್ನೆಲ್ಲ ಓದುತ್ತಾನೆ. ಚಿಕಿತ್ಸಾ ಕೋಣೆ ಮಂಗಳವಾರ ಮಾತ್ರ ತೆರೆಯುತ್ತದೆ, ಮಂಚದ ಮೇಲೆ ಹಳೆಯ ಉತ್ತರಪತ್ರಿಕೆಗಳ ರಾಶಿ ಮಲಗಿದೆ. ಮಹಿಳೆಯರ ವಿಶ್ರಾಂತಿ ಕೋಣೆಯ ಅಗುಳಿ ಮುರಿದು ಎಷ್ಟು ವರ್ಷವಾಯಿತೋ, ಬಾಗಿಲು ನಿಲ್ಲಲು ಒಂದು ಇಟ್ಟಿಗೆ ಇಟ್ಟಿದ್ದಾರೆ. ಮೇಲಿನ ಮಹಡಿಯ ಖಾಲಿ ತರಗತಿಯಲ್ಲಿ ಕುಳಿತು ನೋಡಿದೆ. ಮೂರೇ ನಿಮಿಷದಲ್ಲಿ ಯಾರೋ ಇಬ್ಬರು ಬಾಗಿಲು ತಳ್ಳಿ, ನನ್ನನ್ನು ಕಂಡು ದೆವ್ವ ಕಂಡವರ ಹಾಗೆ ಓಡಿದರು.

ಈ ಜಾಗಗಳನ್ನೆಲ್ಲ ನೀನು ಹೋದ ವರ್ಷವೇ ನನಗೆ ಹೇಳಿದ್ದೆ. ಅಗುಳಿಯ ಸಂಗತಿ, ಇಟ್ಟಿಗೆಯ ಸಂಗತಿ, ಖಾಲಿ ತರಗತಿಗೆ ಹುಡುಗರು ನುಗ್ಗಿದ್ದು, ಪಂಪು ಚೀಲಕ್ಕೆ ತುರುಕಿಕೊಂಡು ನೀನು ಮೆಟ್ಟಿಲಲ್ಲಿ ಎಡವಿದ್ದು. ನೀನು ಹೇಳುವಾಗ ನಾನು ಸೊಪ್ಪು ಸೋಸುತ್ತಿದ್ದೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಮಕ್ಕಳನ್ನು ಸಾಕಲಿಲ್ಲವೇ ಎಂದೆ.

ಕೊನೆಗೆ ಉಳಿದದ್ದು ತಕ್ಕಡಿ ಕೋಣೆ. ಕಿಟಕಿ ಇಲ್ಲ, ಗಾಳಿ ಇಲ್ಲ, ಹೊರಗಿನ ಸದ್ದಿಲ್ಲ, ಒಳಗಿನಿಂದ ಭದ್ರವಾದ ಅಗುಳಿ. ಕೂದಲೆಳೆಯ ತೂಕ ತೋರಿಸುವ ತಕ್ಕಡಿಗಳು ಯಾರ ಉಸಿರೂ ತಾಗದೆ ಕೂರಲಿ ಎಂದು ಕಟ್ಟಿದ ಕೋಣೆ. ನೀನೂ ಎಲ್ಲ ಕಡೆ ಅಲೆದು ಕೊನೆಗೆ ಅದನ್ನೇ ಕೇಳಿದೆ. ಕೌಂಟರಿನ ಮುಂದೆ ಏಳೆಂಟು ಜನ ನಿಂತಿದ್ದರು. ಬೀಗದಕೈ ಒಯ್ಯುವವರು ಬರೆದು ಸಹಿ ಹಾಕುವ ಪುಸ್ತಕವನ್ನು ನಾನು ನಿನ್ನತ್ತ ತಳ್ಳಿದೆ. ನೀನು ದಿನಾಂಕ ಬರೆದೆ, ಕೋಣೆ ಬರೆದೆ, ಕಾರಣ ಎಂಬಲ್ಲಿ ಪೆನ್ನು ಹಿಡಿದು ನಿಂತೆ. ನಿನ್ನ ಹಿಂದೆ ಹುಡುಗರಿದ್ದರು. ನೀನು ತಲೆಯೆತ್ತಿ ನನ್ನನ್ನು ನೋಡಿದ ನೋಟ ನನಗೆ ಅರ್ಥವಾಯಿತು. ಅರ್ಥವಾಗದ ಹಾಗೆ, "ಹದಿನೇಳು, ಕಾರಣ ಬರೀದೆ ಬೀಗದಕೈ ಇಲ್ಲ" ಅಂದೆ. ತಕ್ಕಡಿ ಕೋಣೆಗೆ ತೇವದ ವಸ್ತು ಹೋಗಬಾರದು ಎಂದೂ ಸೇರಿಸಿದೆ. ಮಗಳೆಂದು ಸಡಿಲ ಬಿಟ್ಟಳು ಎಂದು ಯಾರೂ ಬೆರಳು ತೋರಿಸಬಾರದಿತ್ತು ನನಗೆ. ಆ ಸಾಲು ಈಗಲೂ ಇದೆ. ಕಾರಣ ಖಾಲಿ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಕೊಟ್ಟಿಲ್ಲ ಎಂದು ನನ್ನ ಅಕ್ಷರ.

ಆಮೇಲಿನ ಶುಕ್ರವಾರದ ಮಾತು ನಾನು ಬರೆಯಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಶುಕ್ರವಾರ ಪ್ರಯೋಗಾಲಯದ ಫ್ರಿಜ್ಜು ತೊಳೆಯುವ ದಿನ; ಚೀಟಿ ಅಂಟಿಸದ ಸೀಸೆ ಏನೇ ಇರಲಿ, ಯಾರದೇ ಇರಲಿ, ಸಿಂಕಿಗೆ. ಈಥರಿನಂಥ ರಾಸಾಯನಿಕ ಇಡುವ ಫ್ರಿಜ್ಜಿನಲ್ಲಿ ಮಗುವಿನ ಹಾಲು ಇಟ್ಟದ್ದು ನಿನ್ನ ತಪ್ಪು, ಅದನ್ನು ಇವತ್ತೂ ಹೇಳುತ್ತೇನೆ. ಆದರೆ ಇಡಲು ಬೇರೆ ಜಾಗವನ್ನು ನಾನು ಎಲ್ಲಿ ಬಿಟ್ಟಿದ್ದೆ? ಎಲ್ಲೆಲ್ಲೋ ಅವಿತು, ಎರಡು ಹೊತ್ತು ಕೂತು ಕೂಡಿಸಿದ ಹಾಲು. ನೀನು ಬಂದು ನೋಡುವಾಗ ಸೀಸೆ ತೊಳೆದು ಬೋರಲಾಗಿತ್ತು. ಆ ನಾಲ್ಕು ವರ್ಷದಲ್ಲಿ ಮೊದಲ ಸಲ ನೀನು ಕಾಲೇಜಿನೊಳಗೆ ನನ್ನನ್ನು ಅಮ್ಮ ಎಂದೆ.

"ಅಮ್ಮ, ಅದು ನಿನ್ನ ಮೊಮ್ಮಗಳ ಊಟ."

"ಚೀಟಿ ಇರ್ಲಿಲ್ಲ" ಎಂದೆ ನಾನು.

ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ನೀನು ಚೀಲ ಕಟ್ಟಿದ್ದೆ. ಕೂಸು ಹಸಿದು ಅತ್ತೂ ಅತ್ತೂ ನಿಮ್ಮಪ್ಪನ ಹೊಲಿಗೆ ಯಂತ್ರದ ಪಕ್ಕದ ಬುಟ್ಟಿಯಲ್ಲೇ ನಿದ್ದೆ ಹೋಗಿತ್ತು. ನೀನು ಅದನ್ನು ಎತ್ತಿಕೊಂಡು ಅಳಿಯಂದಿರ ಊರಿಗೆ ಹೊರಟೆ. ಕೊನೆಯ ವರ್ಷದ ಓದು ಅಲ್ಲಿಗೆ ನಿಂತಿತು. ವಾರದೊಳಗೆ ನಿನಗೆ ಹಾಲು ಬತ್ತಿತು ಎಂದು ನಿಮ್ಮಪ್ಪ ಗೋಡೆಗೆ ಹೇಳಿದರು. ಅವತ್ತು ಗೋಡೆ ಹೂಂ ಎನ್ನಲಿಲ್ಲ. ಆ ಬುಟ್ಟಿಯಲ್ಲಿ ಅವರು ಈಗ ಚಿಂದಿಬಟ್ಟೆ ಹಾಕುತ್ತಾರೆ. ಬೇರೆ ಬುಟ್ಟಿ ತನ್ನಿ ಎಂದರೆ ಕೇಳುವುದಿಲ್ಲ.

ಗಂಟೆ ಹೊಡೆಯಿತು. ಉಳಿದದ್ದು ನಾಳೆ ಮನೆಯಲ್ಲಿ.

ಭಾನುವಾರ, ಬೆಳಿಗ್ಗೆ

ನಿಮ್ಮಪ್ಪ ಬೂಟು ಒರೆಸುತ್ತಿದ್ದಾರೆ. ಇವತ್ತು ದಾರ ತರುವ ದಿನ. ಅವರಿಗೆ ಗೊತ್ತಿಲ್ಲದ ಹಾಗೆ ಈ ಪತ್ರ ಮುಗಿಸೋಣ ಎಂದಿದ್ದೆ, ಆಗಲೇ ಎರಡು ಸಲ ಬಂದು ಕನ್ನಡಕ ಹುಡುಕುವ ನಾಟಕವಾಡಿ ಹೋದರು.

ಪ್ರಿನ್ಸಿಪಾಲರ ಕೋಣೆಗೆ ಹೋದ ಸಂಗತಿ ಹೇಳುತ್ತೇನೆ. ಒಂಬತ್ತನೇ ಮೇಜಿಗೆ ನಾನು ಮರುದಿನದಿಂದಲೇ ತಕ್ಕಡಿ ಕೋಣೆ ಬಿಟ್ಟುಕೊಟ್ಟಿದ್ದೆ, ಅದು ಯಾರದೋ ಬಾಯಿಂದ ಅವರ ಕಿವಿಗೆ ಬಿತ್ತು. ಕರೆಸಿದರು. ಒಬ್ಬ ವಿದ್ಯಾರ್ಥಿನಿಗಾಗಿ ಒಂದು ಕೋಣೆ ಕೊಡಲಾಗುತ್ತದೆಯೇ, ಅಂಥವರು ಎಷ್ಟು ಜನ ಇದ್ದಾರೆ ಎಂದು ಕೇಳಿದರು.

"ಎಷ್ಟು ಜನ ಇದ್ದಾರೋ ಗೊತ್ತಿಲ್ಲ ಸರ್. ಕೇಳೋ ಧೈರ್ಯ ಇದ್ದವಳು ಒಬ್ಬಳಿದ್ದಳು. ಅವಳು ಹೋದ ವರ್ಷ ಓದು ಬಿಟ್ಟಳು."

ಅವರಿಗೆ ನೆನಪಾಯಿತು. ಮುಖ ಅರಳಿತು. ಸ್ವಂತ ಮಗಳಿಗೇ ಬೀಗದಕೈ ಕೊಡಲಿಲ್ಲವಂತೆ ನೀವು, ಸಿಬ್ಬಂದಿ ಸಭೆಯಲ್ಲಿ ನಾನು ಎಲ್ಲರಿಗೂ ನಿಮ್ಮ ಉದಾಹರಣೆ ಕೊಟ್ಟಿದ್ದೆ, ಶಿಸ್ತು ಎಂದರೆ ಹಾಗಿರಬೇಕು ಎಂದರು. ಮಗಳೇ, ನನ್ನನ್ನು ಹೊಗಳಿದವರು ಕಡಿಮೆ. ಸಿಕ್ಕ ಹೊಗಳಿಕೆ ಹೀಗೆ ಕೆನ್ನೆಗೆ ಬಾರಿಸಿದ್ದು ಅದೇ ಮೊದಲು. ಆ ಉದಾಹರಣೆಯನ್ನು ಇನ್ನು ಕೊಡಬೇಡಿ ಎಂದೆ. ಹೊಸ ತಕ್ಕಡಿಗಳಿಗೆ ಅವುಗಳದೇ ಗಾಜಿನ ಮನೆ ಇದೆ, ಉಪಕರಣಗಳ ಕೋಣೆಯ ಮೂಲೆಯಲ್ಲಿ ಅವು ಸುಖವಾಗಿರುತ್ತವೆ, ಐದು ವರ್ಷದಿಂದ ಆ ಕೋಣೆ ಬರೀ ಅಭ್ಯಾಸಬಲದಿಂದ ಮುಚ್ಚಿದೆ ಎಂದೆ. ಕೊಡದಿದ್ದರೆ ಮೂವತ್ತೊಂದು ಬೀಗದಕೈಯನ್ನೂ ನಿಮ್ಮ ಮೇಜಿನ ಮೇಲಿಟ್ಟು ಹೋಗುತ್ತೇನೆ, ಯಾವುದು ಯಾವ ಬೀಗದ್ದು ಎಂದು ಬರೆದಿಟ್ಟಿಲ್ಲ ಎಂದೂ ಹೇಳಿದೆ. ಅದು ಸುಳ್ಳು, ಎಲ್ಲ ಬರೆದಿದೆ. ಅವರು ಒಂದು ವಾರ ಯೋಚಿಸಿ ಒಪ್ಪಿದರು.

ತಕ್ಕಡಿ ಇಡುತ್ತಿದ್ದ ಕಲ್ಲಿನ ಹಾಸನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಈಗ ಅಲ್ಲಿ ಬೆನ್ನಿಗೆ ಒರಗುವ ಕುರ್ಚಿ ಇದೆ, ಕೈ ತೊಳೆಯುವ ಸಿಂಕು ಮೊದಲೇ ಇತ್ತು, ಒಂದು ಚಿಕ್ಕ ಫ್ರಿಜ್ಜು ಬಂದಿದೆ. ಬಾಗಿಲಿನ ಗಾಜಿಗೆ ನಿಮ್ಮಪ್ಪ ಪರದೆ ಹೊಲಿದುಕೊಟ್ಟರು. ಕೊಡುವಾಗ ಹೇಳಿದರು, "ಊರಿಗೆ ಉಪಕಾರಿ, ಮನೆಗೆ ಮಾರಿ." ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನಗೆ ಎದುರಾಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ನಾನು ಪರದೆಯ ಅಂಚು ಸರಿಯಾಗಿದೆಯೇ ಎಂದು ನೋಡುತ್ತಾ ನಿಂತೆ. ಸರಿಯಾಗಿಯೇ ಇತ್ತು.

ಒಂಬತ್ತನೇ ಮೇಜು ಈಗ ಕೋಟನ್ನು ಮೊಳೆಗೆ ನೇತುಹಾಕಿ ಮನೆಗೆ ಹೋಗುತ್ತಾಳೆ. ಅವಳಿಗೆ ಒಳ್ಳೆಯದಾಯಿತು. ಅವಳು ಆ ಕೋಣೆಯಿಂದ ಹೊರಬರುವಾಗೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಈ ಲಕೋಟೆಯಲ್ಲಿ ಎರಡು ವಸ್ತುಗಳಿವೆ. ಒಂದು ಮರುಪ್ರವೇಶದ ಅರ್ಜಿ. ಇಪ್ಪತ್ತನೇ ತಾರೀಕು ಕೊನೆಯ ದಿನ. ನಿನ್ನ ಪ್ರಯೋಗದ ಪುಸ್ತಕಗಳನ್ನು ನಾನು ಎಸೆದಿಲ್ಲ, ಹದಿನೇಳನೇ ಮೇಜನ್ನು ಯಾರಿಗೂ ಕೊಟ್ಟಿಲ್ಲ. ಕೇಳಿದವರಿಗೆ ಅದರ ಕೊಳಾಯಿ ಕೆಟ್ಟಿದೆ ಎಂದು ಹೇಳಿದ್ದೇನೆ. ಇನ್ನೊಂದು ಆ ಕೋಣೆಯ ಎರಡನೇ ಬೀಗದಕೈ. ನಿನಗೆ ಈಗ ಅದರ ಅಗತ್ಯವಿಲ್ಲ ಎಂದು ನನಗೆ ಗೊತ್ತು. ಹಾಲು ಬತ್ತಿದ ಮೇಲೆ ಬೀಗದಕೈ ಕಳಿಸುವವಳನ್ನು ಏನೆನ್ನಬೇಕೋ ನೀನೇ ಅನ್ನು. ಆದರೂ ಅದು ನಿನ್ನದು. ಪುಸ್ತಕದಲ್ಲಿ ಬರೆಯಬೇಕಾಗಿಲ್ಲ.

ಬರುವುದು ಬಿಡುವುದು ನಿನ್ನ ಇಷ್ಟ. ಬಂದರೆ ಕೂಸನ್ನು ಹಗಲು ನಿಮ್ಮಪ್ಪ ನೋಡಿಕೊಳ್ಳುತ್ತಾರೆ, ಸಂಜೆ ನಾನು. ಅವಳು ಹಿಡಿದು ನಿಲ್ಲಲು ನಮ್ಮ ಮನೆಯಲ್ಲೂ ಕುರ್ಚಿಗಳಿವೆ. ಅಳಿಯಂದಿರಿಗೆ ನನ್ನ ಮೇಲೆ ಕೋಪವಿದ್ದರೆ ಅದು ನ್ಯಾಯವೇ ಎಂದು ಹೇಳು. ನೀನು ಕೈಗೆತ್ತಿಕೊಂಡ ಕೆಲಸ ಪೂರ್ತಿಯಾಗಲಿ, ನಿನ್ನ ಮಗಳು ನಿನ್ನನ್ನು ಏನು ಕೇಳಬೇಕಾದರೂ ಹೆದರದೆ ಕೇಳುವಂತಾಗಲಿ. ನನ್ನ ಆಶೀರ್ವಾದ ಇಷ್ಟೇ.

ನಿನ್ನ ಅಮ್ಮ

ತಾ. ಕ.: ನಿಮ್ಮಪ್ಪ ಬಂದು ಕುಳಿತರು. ಇದನ್ನೂ ಬರಿ ಎಂದರು, ಇಲ್ಲದಿದ್ದರೆ ಪತ್ರ ಒಯ್ಯುವುದಿಲ್ಲವಂತೆ. ನಿನಗೆ ಒಬ್ಬ ಅಣ್ಣ ಇದ್ದ. ನೀನು ಹುಟ್ಟುವ ಎರಡು ವರ್ಷ ಮೊದಲು. ಇಪ್ಪತ್ತಮೂರು ದಿನ ಇದ್ದ, ಹೆಸರಿಟ್ಟಿರಲಿಲ್ಲ. ಅವನು ಹೋದ ನಾಲ್ಕನೇ ದಿನ ನಾನು ಕೆಲಸಕ್ಕೆ ಬಂದೆ, ಮನೆಯಲ್ಲಿ ಇರಲಾಗಲಿಲ್ಲ. ಮಗು ಹೋಯಿತೆಂದು ಎದೆಗೆ ಗೊತ್ತಿರಲಿಲ್ಲ, ಹಾಲು ಬರುತ್ತಲೇ ಇತ್ತು. ನಿಮ್ಮಪ್ಪ ಹೊಲಿದುಕೊಟ್ಟ ಪಟ್ಟಿ ಬಿಗಿದುಕೊಂಡು ಬರುತ್ತಿದ್ದೆ, ಹನ್ನೊಂದರ ಹೊತ್ತಿಗೆ ಅದೂ ನೆನೆಯುತ್ತಿತ್ತು. ಆಗ ಬೀಗದಕೈಗಳೆಲ್ಲ ಇದ್ದದ್ದು ನನಗೆ ಕೆಲಸ ಕಲಿಸಿದ ದೊಡ್ಡಕ್ಕನ ಕೈಯಲ್ಲಿ, ನನಗಿಂತ ಕಟ್ಟುನಿಟ್ಟು. ಅವಳು ಒಂದು ದಿನ ಏನೂ ಕೇಳದೆ ತಕ್ಕಡಿ ಕೋಣೆಯ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟಳು. ಹತ್ತೊಂಬತ್ತು ದಿನ ಅಲ್ಲಿ ಅಗುಳಿ ಹಾಕಿಕೊಂಡು ಹಿಂಡಿ, ಅಲ್ಲಿನ ಸಿಂಕಿಗೆ ಸುರಿದೆ. ನೀನು ಆ ಕೋಣೆ ಕೇಳಿದಾಗ ನನಗೆ ತೇವದ ಚಿಂತೆ ಇರಲಿಲ್ಲ. ಶುಕ್ರವಾರ ಸೀಸೆಯ ಮುಚ್ಚಳ ತೆಗೆದ ಕೂಡಲೇ ಅದು ಏನೆಂದು ನನಗೆ ವಾಸನೆಯಿಂದಲೇ ತಿಳಿದಿತ್ತು. ಗೊತ್ತಿದ್ದೂ ಕೈ ಸೀಸೆಯನ್ನು ಸಿಂಕಿಗೆ ಬಗ್ಗಿಸಿತು, ಆ ಹಾಲಿಗೆ ಅದೊಂದೇ ದಾರಿ ಎಂಬಂತೆ. ಮೊನ್ನೆ ಕೋಣೆ ಖಾಲಿ ಮಾಡುವಾಗ ಆ ವರ್ಷದ ಹಳೆಯ ಪುಸ್ತಕ ಸಿಕ್ಕಿತು. ಹತ್ತೊಂಬತ್ತು ಸಾಲು, ಹತ್ತೊಂಬತ್ತರಲ್ಲೂ ನನ್ನ ಸಹಿ. ಕಾರಣ ಎಂಬಲ್ಲಿ ನಾನು ಏನೂ ಬರೆದಿರಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿದೆ. ಅಲ್ಲೆಲ್ಲ ದೊಡ್ಡಕ್ಕನ ಅಕ್ಷರದಲ್ಲಿ, "ತೂಕ ನೋಡಲು" ಎಂದಿದೆ. ಎರಡು ಪದ. ನಿನ್ನ ಸಾಲಿನಲ್ಲಿ ನಾನೂ ಬರೆಯಬಹುದಿತ್ತು.